ಹರಿಹರದ ರಕ್ತ, ದಾವಣಗೆರೆಯ ರಿಪೋರ್ಟು

ಅಧ್ಯಕ್ಷರೆ, ದತ್ತಿ ಇಟ್ಟ ಕುಟುಂಬದವರೆ, ಹಿರಿಯರೆ, ಬಾಗಿಲ ಬಳಿ ಗೋಡೆಗೊರಗಿ ನಿಂತಿರುವ ಲ್ಯಾಬ್ ಟೆಕ್ನಾಲಜಿ ವಿದ್ಯಾರ್ಥಿಗಳೆ,

ನಿಂತವರನ್ನು ಕೊನೆಯಲ್ಲಿ ಕರೆದೆ. ಆದರೆ ನನ್ನ ಮಾತಿನ ಮುಕ್ಕಾಲು ಪಾಲು ಅವರಿಗೇ ಸಲ್ಲಬೇಕಾದದ್ದು. ಕುರ್ಚಿ ಸಿಕ್ಕವರು ಕೇಳಿಸಿಕೊಂಡರೆ ಅದು ಲಾಭ.

ಬೆಳಿಗ್ಗೆ ಏಳೂವರೆ. ಹರಿಹರದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಒಂದು ಮಳಿಗೆ. ಒಳಗೆ ಒಂದು ಕುರ್ಚಿ, ಒಂದು ಸಣ್ಣ ಫ್ರಿಜ್ಜು, ಗೋಡೆಗೆ ದೇವರ ಪಟದ ಕ್ಯಾಲೆಂಡರು. ಅಲ್ಲಿ ತೋಳು ಚಾಚಿದವರ ರಕ್ತ ಥರ್ಮೊಕೋಲ್ ಡಬ್ಬಿ ಸೇರಿ, ಹುಡುಗನೊಬ್ಬನ ಬೈಕಿನ ಹಿಂದೆ ಕೂತು, ಹಳೇ ಪಿ.ಬಿ. ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಬಂದು ದಾವಣಗೆರೆ ಮುಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ರಿಪೋರ್ಟು ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ, ಈಗೀಗ ವಾಟ್ಸಾಪಿನಲ್ಲಿ. ನಾನು ಇವತ್ತು ಹೇಳುವುದೆಲ್ಲ ಈ 14 ಕಿಲೋಮೀಟರಿನೊಳಗಿನ ಮಾತು.

ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆ ಆಸ್ಪತ್ರೆಗಳ ಊರಾದದ್ದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂತು. ಬಾಪೂಜಿ ಆಸ್ಪತ್ರೆ, ನಾವೆಲ್ಲ ಸಿ.ಜಿ. ಆಸ್ಪತ್ರೆ ಎನ್ನುವ ಚಿಗಟೇರಿ ಆಸ್ಪತ್ರೆ, ಆಮೇಲೆ ಎಸ್.ಎಸ್. ವೈದ್ಯಕೀಯ ಸಂಸ್ಥೆ. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ಹೊಳೆಯಾಚೆಯ ರಾಣೇಬೆನ್ನೂರು, ಎಲ್ಲ ಕಡೆಯಿಂದ ಜನ ಇಲ್ಲಿಗೆ ಬರುತ್ತಾರೆ. ಬಂದವರಲ್ಲಿ ಡಾಕ್ಟರನ್ನು ಎರಡು ನಿಮಿಷ ಕಂಡು, ಲ್ಯಾಬಿನ ಮುಂದೆ ಎರಡು ಗಂಟೆ ಕೂರುವವರೇ ಹೆಚ್ಚು. ಹಾಗಿದ್ದೂ ಆಸ್ಪತ್ರೆಯ ತಪ್ಪು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಆಪರೇಷನ್ ಥಿಯೇಟರು. ಲ್ಯಾಬು ನೆನಪಾಗುವುದೇ ಇಲ್ಲ. ಅಲ್ಲಿ ಮಿಷನ್ ಇದೆ, ಮಿಷನ್ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ.

ಮಿಷನ್ ಸುಳ್ಳು ಹೇಳುವುದು ಕಡಿಮೆ, ಅದು ನಿಜ. ಇಟಲಿಯ ಪಾದುವಾ ಊರಿನ ಆಸ್ಪತ್ರೆಯಲ್ಲಿ ಪ್ಲೆಬಾನಿ ಮತ್ತು ಕರಾರೊ ಎಂಬಿಬ್ಬರು ತುರ್ತು ಪ್ರಯೋಗಾಲಯವೊಂದರ ಮೂರು ತಿಂಗಳ ಕೆಲಸವನ್ನು ಜಾಲಾಡಿ, 1997ರಲ್ಲಿ ಲೆಕ್ಕ ಒಪ್ಪಿಸಿದರು. 40,490 ಪರೀಕ್ಷೆಗಳಲ್ಲಿ ತಪ್ಪಾದವು 189. ಸಾವಿರಕ್ಕೆ ಐದು ಕೂಡ ಇಲ್ಲ. ಆದರೆ ಆ ತಪ್ಪುಗಳು ಹುಟ್ಟಿದ್ದು ಎಲ್ಲಿ ಎಂದು ನೋಡಿದರೆ, ನೂರಕ್ಕೆ 68 ರಕ್ತ ಮಿಷನ್ ಮುಟ್ಟುವ ಮೊದಲೇ ಆಗಿದ್ದವು. ಮಿಷನ್ನಿನೊಳಗೆ ಆದವು ನೂರಕ್ಕೆ 13. ಉಳಿದವು ಫಲಿತಾಂಶ ಬಂದ ಮೇಲೆ ಆದ ಎಡವಟ್ಟುಗಳು. 189ರಲ್ಲಿ ಹೆಚ್ಚಿನವು ಯಾರಿಗೂ ತಟ್ಟದೆ ಹೋದವು, 12 ಪ್ರಕರಣಗಳಲ್ಲಿ ಮಾತ್ರ ಚಿಕಿತ್ಸೆಯೇ ತಪ್ಪಾಯಿತು. ಹತ್ತು ವರ್ಷ ಬಿಟ್ಟು ಅವರೇ ಮತ್ತೆ ಎಣಿಸಿದಾಗ ತಪ್ಪು ಕಡಿಮೆಯಾಗಿತ್ತು, ತಪ್ಪಿನ ತಾಣ ಮಾತ್ರ ಬದಲಾಗಿರಲಿಲ್ಲ. ಪಾದುವಾದಂಥ ಶಿಸ್ತಿನ ಜಾಗದಲ್ಲೇ ಹೀಗೆ. ಕೋಟಿ ರೂಪಾಯಿಯ ಅನಲೈಸರ್ ತಂದು ರಿಬ್ಬನ್ ಕತ್ತರಿಸುವ ನಾವು, ಸೂಜಿ ಹಿಡಿದ ಹುಡುಗಿಗೆ ಎಷ್ಟು ಸಂಬಳ ಕೊಡುತ್ತೇವೆ, ಒಂದು ಬೆಳಿಗ್ಗೆಗೆ ಎಷ್ಟು ತೋಳು ಅವಳ ಪಾಲಿಗೆ ಬರುತ್ತವೆ ಎಂದು ಕೇಳಿಕೊಂಡದ್ದು ಕಡಿಮೆ.

ಮೊದಲ ತಪ್ಪು ಹೆಸರಿನದು. ನಮ್ಮ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ಒಂದು ಸೋಮವಾರ ಕಾಯುವ ಬೆಂಚಿನ ಮುಂದೆ ನಿಂತು "ಹಾಲಮ್ಮ" ಎಂದು ಕೂಗಿನೋಡಿ. ಇಬ್ಬರು ಏಳುತ್ತಾರೆ. "ಕೊಟ್ರೇಶಪ್ಪ" ಎಂದರೆ ಮೂವರು. ಬಸಮ್ಮನವರ ಲೆಕ್ಕ ಬೇಡ. ಅಡ್ಡಹೆಸರು ಇರುವುದಿಲ್ಲ, ಇದ್ದರೆ ಇನಿಷಿಯಲ್ಲು, ಅದೂ ಒಂದೊಂದು ಕಾಗದದಲ್ಲಿ ಒಂದೊಂದು. ಟೆಕ್ನಿಷಿಯನ್ "ನೀವು ಬಸಮ್ಮ ಅಲ್ವೇನ್ರಿ?" ಎಂದು ಕೇಳುತ್ತಾನೆ. ಜ್ವರದಲ್ಲಿರುವ, ಕಿವಿ ಮಂದವಾದ, ಬೆಳಗಿನಿಂದ ಹಸಿದು ಕೂತ ಮುದುಕಿ "ಹೂಂನಪ್ಪಾ" ಅನ್ನುತ್ತಾಳೆ. ನೀನು ಮೈಸೂರು ಮಹಾರಾಣಿ ಅಲ್ವಾ ಎಂದು ಕೇಳಿದ್ದರೂ ಹೂಂ ಅನ್ನುತ್ತಿದ್ದಳು. ಅದಕ್ಕೇ ಪ್ರಪಂಚದ ಎಲ್ಲ ಲ್ಯಾಬುಗಳಲ್ಲೂ ಹೇಳಿಕೊಡುವ ಪಾಠ ಒಂದೇ: ಹೆಸರನ್ನು ನೀನು ಹೇಳಬೇಡ, ಅವರ ಬಾಯಿಂದ ಹೇಳಿಸು. "ನಿಮ್ಮ ಹೆಸರೇನ್ರಿ ಅಮ್ಮಾ?" ಎಂದು ಕೇಳಿ ಸುಮ್ಮನಿರು. ಆ ಸುಮ್ಮನಿರುವುದೇ ಕಷ್ಟ. ಹಿಂದೆ ನಲವತ್ತು ಮಂದಿ ನಿಂತಿರುತ್ತಾರೆ.

ಬರೀ ಹೆಸರು ಸಾಲದು, ಎರಡನೇ ಗುರುತೂ ಬೇಕು ಎನ್ನುತ್ತದೆ ನಿಯಮ. ಪುಸ್ತಕದಲ್ಲಿ ಹುಟ್ಟಿದ ದಿನಾಂಕ ಎಂದಿದೆ. ಹುಟ್ಟಿದ ದಿನಾಂಕ ಕೇಳಿದರೆ ನಮ್ಮ ಅಜ್ಜಿಯರು, "ಬರ್ಕೋ ತಮ್ಮಾ, ಒಂದು ಅರವತ್ತು" ಅನ್ನುತ್ತಾರೆ. ನನ್ನ ಹಳೇ ರಿಜಿಸ್ಟರು ತೆಗೆದರೆ ಈ ಜಿಲ್ಲೆಯಲ್ಲಿ ಅರವತ್ತೊಂದು, ಅರವತ್ತೆರಡು ವಯಸ್ಸಿನವರು ಹುಟ್ಟಿಯೇ ಇಲ್ಲ. ಎಲ್ಲರೂ ಅರವತ್ತು, ಇಲ್ಲವೇ ಅರವತ್ತೈದು. ಗಂಡನ ಹೆಸರು ಕೇಳಿದರೆ ಇನ್ನೊಂದು ತೊಡಕು. ಹಳ್ಳಿಯ ಹಿರಿಯ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. "ಹೇಳೋ, ನಿಮ್ಮಪ್ಪನ ಹೆಸರು" ಎಂದು ಮಗನ ಕಡೆ ತಿರುಗುತ್ತಾರೆ. ಮಗ ಬೀಡಾ ಅಂಗಡಿಗೆ ಹೋಗಿರುತ್ತಾನೆ. ಮೊಬೈಲ್ ನಂಬರೋ, ಅದು ಬೆಂಗಳೂರಿನಲ್ಲಿರುವ ಮೊಮ್ಮಗನದು, ಮನೆಯ ನಾಲ್ಕು ಜನಕ್ಕೂ ಅದೊಂದೇ. ಹಾಗಾಗಿ ನಾನು ನನ್ನ ಲ್ಯಾಬಿನಲ್ಲಿ ಊರಿನ ಹೆಸರು ಕೇಳಿಸುತ್ತಿದ್ದೆ. ಹೆಸರು, ಊರು, ಚೀಟಿಯ ನಂಬರು. ಊರು ಕೇಳಿದರೆ ನಮ್ಮವರ ಮುಖ ಅರಳುತ್ತದೆ, ಯಾರೂ ತಪ್ಪು ಹೇಳುವುದಿಲ್ಲ. ಪುಸ್ತಕದಲ್ಲಿ ಇಲ್ಲದ ಉಪಾಯ, ಕೆಲಸಕ್ಕೆ ಬಂತು.

ಇನ್ನು ಲೇಬಲ್ಲು. ರಕ್ತ ತೆಗೆದ ಮೇಲೆ, ರೋಗಿಯ ಎದುರಿಗೇ, ತುಂಬಿದ ಟ್ಯೂಬಿಗೆ ಅಂಟಿಸಬೇಕು. ಬೆಳಿಗ್ಗೆ ಬಿಡುವಿದ್ದಾಗ ಇಪ್ಪತ್ತು ಖಾಲಿ ಟ್ಯೂಬಿಗೆ ಇಪ್ಪತ್ತು ಹೆಸರು ಅಂಟಿಸಿ ಏಪ್ರನ್ ಜೇಬಿಗೆ ಹಾಕಿಕೊಂಡು ವಾರ್ಡಿಗೆ ಹೊರಡುವವರನ್ನು ಕಂಡರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಎರಡನೆಯದು ಉಪವಾಸ. ಫಾಸ್ಟಿಂಗ್ ಶುಗರ್‌ಗೆ ಎಂಟು ಗಂಟೆ ನೀರಿನ ಹೊರತು ಏನೂ ಹೊಟ್ಟೆಗೆ ಹೋಗಿರಬಾರದು. ನಾವು ಅದನ್ನು ಕನ್ನಡಿಸಿ "ಉಪವಾಸ ಬನ್ನಿ" ಎಂದೆವು. ಆದರೆ ನಮ್ಮ ಉಪವಾಸಕ್ಕೆ ನೂರಾರು ವರ್ಷದ ರೂಢಿ ಇದೆ. ಏಕಾದಶಿಗೆ ಅನ್ನ ಬಿಡುತ್ತಾರೆ. ಬಾಳೆಹಣ್ಣು, ಹಾಲು, ಅವಲಕ್ಕಿ ನಡೆಯುತ್ತದೆ. "ಏನಾದ್ರೂ ತಿಂದೀರೇನ್ರಿ?" ಎಂದರೆ "ಏನಿಲ್ರಿ, ಚಾ ಕುಡ್ದೀನಿ ಅಷ್ಟೇ" ಎಂಬ ಉತ್ತರ ಪ್ರಾಮಾಣಿಕವಾದದ್ದು. ಚಹಾ ಕುಡಿಯುವುದು ತಿನ್ನುವುದಲ್ಲವಲ್ಲ. ಎರಡು ಚಮಚ ಸಕ್ಕರೆಯ ಚಹಾ ಒಬ್ಬರನ್ನು ಆವತ್ತಿನ ಮಟ್ಟಿಗೆ ಸಕ್ಕರೆ ಕಾಯಿಲೆಯವರನ್ನಾಗಿ ಮಾಡಬಲ್ಲದು. ತಪ್ಪು ರೋಗಿಯದಲ್ಲ, ಪದ ಆರಿಸಿದ ನಮ್ಮದು. "ಏನೇನು ಕುಡಿದಿರಿ?" ಎಂದು ಕೇಳಲು ನಾನು ಕಲಿತದ್ದು ಹತ್ತು ವರ್ಷ ಕೆಲಸ ಮಾಡಿದ ಮೇಲೆ.

ಈಗ ಬೈಕಿನ ಹಿಂದಿನ ಡಬ್ಬಿಗೆ ಬನ್ನಿ. ಮೈಯಿಂದ ಹೊರಗೆ ಬಂದರೂ ರಕ್ತದ ಕಣಗಳು ತಕ್ಷಣ ಸಾಯುವುದಿಲ್ಲ. ಟ್ಯೂಬಿನಲ್ಲೂ ಅವು ಉಣ್ಣುತ್ತಲೇ ಇರುತ್ತವೆ, ಉಣ್ಣುವುದು ಸಕ್ಕರೆಯನ್ನು. ಸಾದಾ ಟ್ಯೂಬಿನಲ್ಲಿಟ್ಟ ರಕ್ತದಲ್ಲಿ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಕರಗುತ್ತದೆ. ಹರಿಹರದಲ್ಲಿ ಏಳೂವರೆಗೆ ತೋಳು ಚಾಚಿದಾಗ 130 ಇದ್ದವರ ಶುಗರ್, ಎಲ್ಲ ಸ್ಯಾಂಪಲ್ ಒಟ್ಟಾಗಲಿ ಎಂದು ಕಾದು, ರೈಲ್ವೆ ಗೇಟಿನಲ್ಲಿ ನಿಂತು, ದಾವಣಗೆರೆಯಲ್ಲಿ ಸರದಿ ಬರುವಾಗ ಹನ್ನೊಂದೂವರೆಯಾದರೆ 100ರ ಹತ್ತಿರಕ್ಕೆ ಇಳಿದಿರುತ್ತದೆ. 126 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂಬುದು ಗೆರೆ. ಅಂದರೆ ಕಾಯಿಲೆ ಇದ್ದವರು ದಾರಿಯಲ್ಲೇ ವಾಸಿಯಾದರು! ಅದಕ್ಕೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬು ಇರುವುದು. ಅದೂ ಮಂತ್ರವಲ್ಲ, ಮೊದಲ ಒಂದೆರಡು ಗಂಟೆಯಲ್ಲಿ ಒಂದಿಷ್ಟು ಸಕ್ಕರೆ ಸೋರಿಯೇ ಸೋರುತ್ತದೆ. ಆದರೆ "ಬೂದು ಟ್ಯೂಬು ಖಾಲಿಯಾಗಿತ್ತು ಸಾರ್, ಕೆಂಪು ಮುಚ್ಚಳದ ಸಾದಾ ಟ್ಯೂಬಿನಲ್ಲೇ ಕಳಿಸಿದೆ" ಎಂಬ ಮಾತಿನ ಬೆಲೆ ಏನೆಂದು ಈಗ ನಿಮಗೆ ಗೊತ್ತಾಯಿತು.

ಪೊಟ್ಯಾಸಿಯಂ ಇನ್ನೂ ತುಂಟ. ಅದು ಕಣದ ಒಳಗೆ ಬಹಳ, ಹೊರಗೆ ಬಹಳ ಕಡಿಮೆ. ಕಣ ಒಡೆದರೆ, ಅಂದರೆ ತೆಳು ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬನ್ನು ಕುಲುಕಾಡಿಸಿದರೆ, ಒಳಗಿನದೆಲ್ಲ ಹೊರಗೆ ಬಂದು ಏರಿದಂತೆ ಕಾಣುತ್ತದೆ. ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ, ಅಂದರೆ ಸೀರಮ್, ಕೆಂಪಾಗಿದ್ದರೆ ಅಷ್ಟು ಗೊತ್ತಾಗುತ್ತದೆ. ಆದರೆ ಒಳ್ಳೆಯದಾಗಲಿ ಎಂದು ರಕ್ತವನ್ನು ಹಾಗೇ ಮಂಜುಗಡ್ಡೆಯ ಮೇಲೆ ಇಟ್ಟು ತಂದರೆ, ಸೀರಮ್ ಹೊನ್ನಿನ ಬಣ್ಣಕ್ಕೇ ಇದ್ದು ಪೊಟ್ಯಾಸಿಯಂ ಏರಿರುತ್ತದೆ. ಮಂಜುಗಡ್ಡೆಯೇ ಇಲ್ಲದೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಂದರೆ ಮೊದಲ ಕೆಲವು ಗಂಟೆ ಅದು ಇಳಿದಂತೆ ಕಾಣುತ್ತದೆ. ಒಂದೇ ರಸ್ತೆ, ಒಂದೇ ಬೈಕು, ಡಬ್ಬಿಯಲ್ಲಿ ಮಂಜುಗಡ್ಡೆ ಇದ್ದರೆ ಒಂದು ಸುಳ್ಳು, ಇಲ್ಲದಿದ್ದರೆ ಇನ್ನೊಂದು. ಇದಕ್ಕೆ ಮದ್ದು ದುಬಾರಿಯದಲ್ಲ. ಹರಿಹರದಲ್ಲೇ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಸೀರಮ್ ಬೇರೆ ಮಾಡಿ ಕಳಿಸುವುದು.

ಒಂದು ಬೆಳಿಗ್ಗೆಯದು ಹೇಳಿಬಿಡುತ್ತೇನೆ. ಮಿಷನ್ ಪೊಟ್ಯಾಸಿಯಂ 9.8 ಎಂದಿತು, ಕ್ಯಾಲ್ಸಿಯಂ 3ರ ಆಸುಪಾಸು. ಈ ಎರಡು ಅಂಕಿ ಒಟ್ಟಿಗೆ ಇರುವ ಮನುಷ್ಯ ಬದುಕಿರುವುದಿಲ್ಲ. ನಾನು ಎದ್ದು ಹೊರಗೆ ಬಂದು ನೋಡಿದೆ. ಆ ಹಿರಿಯರು ಬೆಂಚಿನ ಮೇಲೆ ಪೇಪರ್ ಪೊಟ್ಟಣ ಬಿಚ್ಚಿಕೊಂಡು ಮಂಡಕ್ಕಿ ತಿನ್ನುತ್ತ, ಮೆಣಸಿನಕಾಯಿ ಕಚ್ಚುತ್ತ ಕೂತಿದ್ದರು. ಒಳಗೆ ಬಂದು ಹುಡುಗನನ್ನು ಕೇಳಿದೆ. ಕೆಂಪು ಟ್ಯೂಬಿಗೆ ರಕ್ತ ಸಾಲದೆ ಬಂದಿತ್ತು, ನೇರಳೆ ಟ್ಯೂಬಿನಿಂದ ಒಂದಿಷ್ಟು ಸುರಿದುಕೊಂಡಿದ್ದ. ನೇರಳೆ ಮುಚ್ಚಳದೊಳಗಿನ ಇ.ಡಿ.ಟಿ.ಎ. ಉಪ್ಪಿನಲ್ಲಿ ಪೊಟ್ಯಾಸಿಯಂ ಇದೆ, ಅದು ಕ್ಯಾಲ್ಸಿಯಂ ಅನ್ನು ನುಂಗುತ್ತದೆ. ಅಡುಗೆಮನೆಯಲ್ಲಿ ಈ ಪಾತ್ರೆಯದು ಆ ಪಾತ್ರೆಗೆ ಸುರಿದಷ್ಟು ಸಹಜವಾಗಿ ಮಾಡಿದ ಕೆಲಸ. ಹುಡುಗನಿಗೆ ಮುಚ್ಚಳದ ಬಣ್ಣ ಹೇಳಿಕೊಟ್ಟವರಿದ್ದರು, ಬಣ್ಣದ ಕಾರಣ ಹೇಳಿಕೊಟ್ಟವರಿರಲಿಲ್ಲ. ಆವತ್ತು 9.8 ಬಂದದ್ದು ನಮ್ಮ ಪುಣ್ಯ. ಸುರಿದದ್ದು ಇನ್ನೂ ಸ್ವಲ್ಪ ಕಡಿಮೆಯಾಗಿ 6.2 ಬಂದಿದ್ದರೆ ನಂಬಿಬಿಡುತ್ತಿದ್ದೆ. ನಂಬುವಂತಿರುವ ತಪ್ಪೇ ಆಸ್ಪತ್ರೆಗೆ ಅಪಾಯದ್ದು.

ಮಿಷನ್ನಿನ ಬಗ್ಗೆ ನನಗೆ ಪಾಠ ಹೇಳಿದವರು ವೈದ್ಯರಲ್ಲ. ಹರಿಹರದವರು, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ಎಷ್ಟು ವರ್ಕ್‌ಶಾಪುಗಳಲ್ಲಿ ತಿರುಗಿದವೋ ಲೆಕ್ಕವಿಲ್ಲ. ಈಗ ಅದು ಮುಚ್ಚಿದೆ. ಅವರು ಎರಡು ಲ್ಯಾಬಿನ ರಿಪೋರ್ಟು ಹಿಡಿದು ಬಂದಿದ್ದರು, ಒಂದೇ ಬೆಳಿಗ್ಗೆಯ ಶುಗರ್ ಒಂದರಲ್ಲಿ 142, ನಮ್ಮದರಲ್ಲಿ 151. "ಇದು ಟಾಲರೆನ್ಸ್ ಒಳಗೇ ಐತಿ, ಅದಕ್ಕೆ ಜಗಳ ಇಲ್ಲ. ನಿಮ್ಮ ಮಿಷನ್ ಸರಿ ಐತಿ ಅಂತ ನಿಮಗೆ ಹೇಳೋದು ಯಾರು? ಮಾಸ್ಟರ್ ಗೇಜ್ ಎಲ್ಲೈತಿ?" ಎಂದರು.

ನಲವತ್ತು ವರ್ಷದಲ್ಲಿ ರೋಗಿಯೊಬ್ಬರು ನನ್ನನ್ನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಒಳಗೆ ಕರೆದುಕೊಂಡು ಹೋಗಿ ಕಂಟ್ರೋಲ್ ಸೀರಮ್ಮಿನ ಶೀಷೆ ತೋರಿಸಿದೆ. ಇದರಲ್ಲಿ ಸಕ್ಕರೆ ಎಷ್ಟಿದೆ ಎಂದು ಮೊದಲೇ ಗೊತ್ತು. ದಿನಾ ಬೆಳಿಗ್ಗೆ ರೋಗಿಗಳ ರಕ್ತಕ್ಕೆ ಮುಂಚೆ ಇದನ್ನು ಹಾಕಿ, ಬಂದ ಅಂಕಿಯನ್ನು ಗೋಡೆಯ ನಕ್ಷೆಯಲ್ಲಿ ಚುಕ್ಕೆ ಇಡುತ್ತೇವೆ ಎಂದೆ. ಅವರು ಕನ್ನಡಕ ಏರಿಸಿಕೊಂಡು ನಕ್ಷೆ ನೋಡಿದರು. ಚುಕ್ಕೆಗಳೆಲ್ಲ ಗೆರೆಗಳ ಒಳಗೇ ಇದ್ದವು. "ಎಂಟು ದಿನದಿಂದ ಮೇಲ್ಮುಖಾನೇ ಹೊಂಟಾವಲ್ರೀ. ಟೂಲ್ ಸವೀತೈತಿ" ಎಂದರು. ಇಂಜಿನಿಯರನ್ನು ಕರೆಸಿ ನೋಡಿಸಿದಾಗ ಮಿಷನ್ನಿನ ದೀಪದ ಆಯುಷ್ಯ ಮುಗಿಯುತ್ತ ಬಂದಿತ್ತು. ದಿನವೂ ಆ ನಕ್ಷೆಯ ಕೆಳಗೆ ನಾನು ಸಹಿ ಹಾಕುತ್ತಿದ್ದೆ.

ಆಮೇಲೆ ಗೊತ್ತಾದದ್ದು, ಆ ನಕ್ಷೆಯೇ ಕಾರ್ಖಾನೆಯಿಂದ ಬಂದದ್ದು ಎಂದು. 1924ರಲ್ಲಿ ಅಮೆರಿಕದ ಟೆಲಿಫೋನ್ ಉಪಕರಣಗಳ ಕಾರ್ಖಾನೆಗಾಗಿ ವಾಲ್ಟರ್ ಶೂಹಾರ್ಟ್ ಅದನ್ನು ಬರೆದ. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಅದನ್ನು ಆಸ್ಪತ್ರೆಯ ಲ್ಯಾಬಿಗೆ ತಂದರು. ಯಾವ ಚುಕ್ಕೆ ಎಲ್ಲಿ ಬಿದ್ದರೆ ಕೆಲಸ ನಿಲ್ಲಿಸಬೇಕು ಎಂಬ ನಿಯಮಗಳನ್ನು 1981ರಲ್ಲಿ ವೆಸ್ಟ್‌ಗಾರ್ಡ್ ಕಟ್ಟಿಕೊಟ್ಟ. ಹರಿಹರದ ಲೇತ್ ಕಾರ್ಮಿಕನ ವಿದ್ಯೆಯನ್ನೇ ನಾವು ಬಿಳಿ ಕೋಟು ತೊಡಿಸಿ ಇಟ್ಟುಕೊಂಡಿದ್ದೇವೆ. ಒಂದು ವ್ಯತ್ಯಾಸ ಮಾತ್ರ ಇದೆ. ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ "ರಿಜೆಕ್ಟ್" ಎಂದರೆ ತುಂಡು ಗುಜರಿಗೆ ಹೋಗುತ್ತದೆ, ಮಾತು ಮುಗಿಯಿತು. ನಮ್ಮಲ್ಲಿ ಟೆಕ್ನಿಷಿಯನ್ "ಈ ಸ್ಯಾಂಪಲ್ ಸರಿಯಿಲ್ಲ" ಎಂದರೆ ಡಾಕ್ಟರು ಬೈಯುತ್ತಾರೆ, ರೋಗಿಯ ಕಡೆಯವರು ಜಗಳಕ್ಕೆ ಬರುತ್ತಾರೆ, ಮಾಲೀಕರು ಮುಖ ಸಿಂಡರಿಸುತ್ತಾರೆ. ಬೇಡ ಎನ್ನುವ ಹಕ್ಕನ್ನು ಅವನಿಗೆ ಯಾರೂ ಕೊಟ್ಟಿಲ್ಲ.

ಹೊರಗಿನವರು ಪರೀಕ್ಷಿಸುವ ಪದ್ಧತಿಯೂ ಇದೆ. ವೆಲ್ಲೂರಿನ ಸಿ.ಎಂ.ಸಿ. ದೇಶದ ಲ್ಯಾಬುಗಳಿಗೆ ಉತ್ತರ ಗೊತ್ತಿಲ್ಲದ ಸ್ಯಾಂಪಲ್ ಕಳಿಸಿ, ಬಂದ ಉತ್ತರಗಳನ್ನು ಒಂದಕ್ಕೊಂದು ತಾಳೆ ನೋಡಿ ಹೇಳುತ್ತದೆ. ಬಹಳ ಒಳ್ಳೆಯ ಏರ್ಪಾಡು. ಆದರೆ ವೆಲ್ಲೂರಿನ ಸ್ಯಾಂಪಲ್ ಬಂದ ದಿನ ಅದನ್ನು ನುರಿತ ಕೈಗೇ ಕೊಟ್ಟು, ಮೂರು ಸಲ ಓಡಿಸಿ, ಸರಾಸರಿ ಬರೆದು ಕಳಿಸುವವರಿದ್ದಾರೆ. ಅದು ಬೀಗರು ಬಂದ ದಿನ ಮಾಡಿದ ಅಡುಗೆ. ರೋಗಿ ಉಣ್ಣುವುದು ದಿನದ ಅಡುಗೆ.

ಮಳೆಗಾಲ ಕಳೆಯುವ ಹೊತ್ತಿಗೆ ಡೆಂಗಿ. ಆಗ ದಾವಣಗೆರೆಯಲ್ಲಿ "ಹುಷಾರಿದ್ದೀರಾ?" ಎಂದು ಯಾರೂ ಕೇಳುವುದಿಲ್ಲ, "ಪ್ಲೇಟ್ಲೆಟ್ ಎಷ್ಟಿದೆ?" ಎಂದು ಕೇಳುತ್ತಾರೆ, ಕ್ರಿಕೆಟ್ ಸ್ಕೋರಿನಂತೆ. 2024ರಲ್ಲಿ ಡೆಂಗಿ ವಿಪರೀತವಾದಾಗ ಸರ್ಕಾರ ಪರೀಕ್ಷೆಗಳ ದರಕ್ಕೆ ಮಿತಿ ಹಾಕಿ, ಅದನ್ನು ಸಾಂಕ್ರಾಮಿಕವೆಂದು ಘೋಷಿಸಿತು. ದರಕ್ಕೆ ಮಿತಿ ಹಾಕಬಹುದು, ಭಯಕ್ಕೆ ಹೇಗೆ ಹಾಕುವುದು? ಪ್ಲೇಟ್ಲೆಟ್ ಅಂಕಿ ಬಹಳ ಸೂಕ್ಷ್ಮದ್ದು. ರಕ್ತ ನಿಧಾನವಾಗಿ ಬಂದು ಸೂಜಿಯಲ್ಲೇ ಚೂರು ಹೆಪ್ಪುಗಟ್ಟಿದರೆ ಕಣಗಳು ಆ ಹೆಪ್ಪಿನಲ್ಲಿ ಸಿಕ್ಕಿಕೊಂಡು ಲೆಕ್ಕಕ್ಕೆ ಬರುವುದಿಲ್ಲ. ಸಾವಿರಕ್ಕೆ ಒಬ್ಬರ ಆಸುಪಾಸು ಇನ್ನೊಂದು ವಿಚಿತ್ರವಿದೆ. ಅವರ ಪ್ಲೇಟ್ಲೆಟ್‌ಗಳು ಆ ನೇರಳೆ ಟ್ಯೂಬಿನ ಇ.ಡಿ.ಟಿ.ಎ. ತಾಕಿದರೆ ಸಾಕು, ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗುತ್ತವೆ. ಗೊಂಚಲನ್ನು ಮಿಷನ್ ಪ್ಲೇಟ್ಲೆಟ್ ಎಂದು ಎಣಿಸುವುದಿಲ್ಲ. ಎರಡು ಲಕ್ಷ ಇದ್ದವರ ರಿಪೋರ್ಟಿನಲ್ಲಿ ಮೂವತ್ತು ಸಾವಿರ ಎಂದು ಬರುತ್ತದೆ. ಮನೆಯವರು ಅಳುತ್ತಾರೆ, ಪಪ್ಪಾಯಿ ಎಲೆ ಹುಡುಕುತ್ತಾರೆ, ರಕ್ತನಿಧಿಗೆ ಓಡುತ್ತಾರೆ. ಆ ರಕ್ತದ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ನೋಡಿದರೆ ಸ್ಲೈಡಿನ ಅಂಚಿನಲ್ಲಿ ಗೊಂಚಲುಗಳು ಕಣ್ಣಿಗೆ ಹೊಡೆಯುತ್ತವೆ. ಸಿಟ್ರೇಟಿನ ನೀಲಿ ಟ್ಯೂಬಿನಲ್ಲಿ ಮತ್ತೆ ತೆಗೆದು ನೋಡಿದರೆ ಅನೇಕ ಸಲ ನಿಜ ಅಂಕಿ ಬರುತ್ತದೆ. ಇದಕ್ಕೆ ಬೇಕಾದದ್ದು ಹತ್ತೋ ಹದಿನೈದೋ ನಿಮಿಷ. ಡೆಂಗಿ ಕಾಲದಲ್ಲಿ ಅಷ್ಟು ನಿಮಿಷ ಯಾರ ಬಳಿಯೂ ಇರುವುದಿಲ್ಲ, ಅದೇ ತೊಂದರೆ.

ಟೈಫಾಯ್ಡಿಗೆಂದು ಮಾಡುವ ವಿಡಾಲ್ ಪರೀಕ್ಷೆಯ ಬಗ್ಗೆ ಒಂದೇ ಮಾತು. 1896ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಪರೀಕ್ಷೆ ನಮ್ಮ ಪೇಟೆಗಳಲ್ಲಿ ಇನ್ನೂ ಚಿರಂಜೀವಿ. ಟೈಫಾಯ್ಡ್ ಬೇರೂರಿದ ಊರಿನಲ್ಲಿ ಆರೋಗ್ಯವಂತರ ರಕ್ತದಲ್ಲೂ ಅದು ಅಷ್ಟಿಷ್ಟು ಪಾಸಿಟಿವ್ ಬರುತ್ತದೆ. ನಿಜವಾಗಿ ಟೈಫಾಯ್ಡ್ ಇದ್ದವರಲ್ಲಿ ಮೊದಲ ವಾರ ನೆಗೆಟಿವ್ ಇರಬಹುದು. ಇಲ್ಲಿ ಲ್ಯಾಬು ತಪ್ಪು ಮಾಡಿಲ್ಲ. ಕೇಳಬಾರದ ಪ್ರಶ್ನೆ ಕೇಳಿದ್ದೇವೆ.

ರಿಪೋರ್ಟು ಹಿಂದಕ್ಕೆ ಹೊರಟಾಗಲೂ ಕಲ್ಲುಮುಳ್ಳು ಇದೆ. ಅಪಾಯದ ಅಂಕಿ ಬಂದರೆ ಮುದ್ರಣಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡಬೇಕು ಎಂಬ ಪದ್ಧತಿಯನ್ನು ಜಾರ್ಜ್ ಲುಂಡ್‌ಬರ್ಗ್ 1972ರಲ್ಲಿ ಬರೆದು ಪ್ರಚಾರಕ್ಕೆ ತಂದ. ಒಳ್ಳೆಯದೇ. ಆದರೆ ಫೋನಿನಲ್ಲಿ ನಮ್ಮ "ಒಂಬತ್ತು" "ತೊಂಬತ್ತು" ಆಗುತ್ತದೆ, ಇಂಗ್ಲಿಷಿನ ಫಿಫ್ಟೀನು ಫಿಫ್ಟಿಯಾಗುತ್ತದೆ. ಕೇಳಿಸಿಕೊಂಡವರು ಅಂಕಿಯನ್ನು ಬರೆದುಕೊಂಡು ತಿರುಗಿ ಓದಬೇಕು, ಒಂದೊಂದೇ ಅಂಕಿ ಬಿಡಿಸಿ: "ಒಂದು, ಐದು, ಸೊನ್ನೆ ಸೊನ್ನೆ ಸೊನ್ನೆ". ಪೆದ್ದುತನದಂತೆ ಕಾಣುತ್ತದೆ. ರಾತ್ರಿ ಡ್ಯೂಟಿಯ ಸಿಸ್ಟರುಗಳು ನಗುತ್ತಾರೆ. ನಗಲಿ. ಇದರ ಮೇಲೆ, ಅದೇ ಪ್ಲೇಟ್ಲೆಟ್ಟನ್ನು ಒಂದು ಲ್ಯಾಬು 1.5 ಎಂದೂ, ಇನ್ನೊಂದು 150 ಎಂದೂ, ಮಗದೊಂದು 1,50,000 ಎಂದೂ ಮುದ್ರಿಸುತ್ತದೆ. ಮೂರೂ ಸರಿ, ಮೂರೂ ಒಂದೇ. ಊರಿನ ಲ್ಯಾಬುಗಳೆಲ್ಲ ಒಂದು ಸಂಜೆ ಕೂತು ಒಂದೇ ರೀತಿ ಬರೆಯೋಣ ಎಂದು ತೀರ್ಮಾನಿಸಿದರೆ ಖರ್ಚು ಒಂದು ಸುತ್ತು ಬೆಣ್ಣೆದೋಸೆಯದು ಮಾತ್ರ.

"ಫುಲ್ ಬಾಡಿ ಚೆಕಪ್" ಕರಪತ್ರಗಳನ್ನು ಪತ್ರಿಕೆಯ ನಡುವೆ ನೋಡಿರುತ್ತೀರಿ. ಸಾಮಾನ್ಯವಾಗಿ ನಾರ್ಮಲ್ ಎಂಬ ಅಂಕಿಯ ಹದವನ್ನು ಗೊತ್ತುಮಾಡುವುದು ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವ ಹಾಗೆ. ಉಳಿದ ಐವರು ಆರೋಗ್ಯವಂತರೇ ಆದರೂ ಅವರ ರಿಪೋರ್ಟಿನಲ್ಲಿ ಬಾಣದ ಗುರುತು ಬರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿದರೆ ಪೂರ್ತಿ ಆರೋಗ್ಯವಂತ ನೂರು ಮಂದಿಯಲ್ಲಿ ಸುಮಾರು 64 ಮಂದಿಗೆ ಒಂದಾದರೂ ಬಾಣ ಗ್ಯಾರಂಟಿ. ಬಾಣ ಬಿದ್ದವರು ರಾತ್ರಿಯೆಲ್ಲ ಮೊಬೈಲು ನೋಡುತ್ತಾರೆ.

ಕಾನೂನು ಇಲ್ಲವೆಂದಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಲ್ಯಾಬುಗಳಿಗೂ ಅನ್ವಯಿಸುತ್ತದೆ. ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಇರುವ ನೋಂದಾಯಿತ ವೈದ್ಯರೇ ರಿಪೋರ್ಟಿಗೆ ಸಹಿ ಹಾಕಬೇಕೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಲ್ಯಾಬಿನ ಗುಣಮಟ್ಟಕ್ಕೆ ಎನ್.ಎ.ಬಿ.ಎಲ್. ಮಾನ್ಯತೆ ಇದೆ, ಅದನ್ನು ಬೇಕಾದವರು ಪಡೆಯಬಹುದು. ಸಹಿ ಯಾರದು ಎಂಬುದು ಮುಖ್ಯವೇ. ಆದರೆ ಸಹಿ ಹಾಕುವ ಕೈ ಸ್ಕ್ಯಾನ್ ಆಗಿ ಕಂಪ್ಯೂಟರಿನಲ್ಲಿ ಕೂತಿದ್ದರೆ ಕೋರ್ಟು ಏನು ಮಾಡೀತು?

ಅನುಮಾನ ಬಂದಾಗ ನಿಲ್ಲುವುದು ದೊಡ್ಡ ವಿದ್ಯೆ. ಕೋಲಾರದ ಒಬ್ಬ ಮಹಿಳೆಗೆ ಹೃದಯದ ಶಸ್ತ್ರಚಿಕಿತ್ಸೆಗೆಂದು ರಕ್ತ ಬೇಕಾಯಿತು. ಗುಂಪು ಒ ಪಾಸಿಟಿವ್, ಬಹಳ ಸಾಮಾನ್ಯವಾದದ್ದು. ಆದರೆ ಯಾವ ಒ ಪಾಸಿಟಿವ್ ರಕ್ತವೂ ತಾಳೆಯಾಗಲಿಲ್ಲ. ಬೆಂಗಳೂರಿನ ರೋಟರಿ ಟಿ.ಟಿ.ಕೆ. ರಕ್ತನಿಧಿಯವರು "ಏನೋ ಕಿಟ್ ಕೆಟ್ಟಿರಬೇಕು" ಎಂದು ದಾಟಿಸಲಿಲ್ಲ. ಮನೆಯವರ ರಕ್ತವನ್ನೂ ನೋಡಿದರು, ಅದೂ ಕೂಡಲಿಲ್ಲ. ಹೊರಗಿನ ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಸ್ಯಾಂಪಲ್ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು. ಹತ್ತು ತಿಂಗಳ ಶೋಧದ ಮೇಲೆ, ಜಗತ್ತಿನಲ್ಲಿ ಅದುವರೆಗೆ ಯಾರೂ ಕಾಣದ ರಕ್ತದ ಗುಣವೊಂದು ಎಂದು ತಿಳಿಯಿತು. 2025ರ ಜೂನ್‌ನಲ್ಲಿ ಅದನ್ನು ಲೋಕಕ್ಕೆ ಹೇಳಿದರು. ಇಟ್ಟ ಹೆಸರು ಕ್ರಿಬ್. ಅದರಲ್ಲಿ ಇಂಡಿಯಾದ ಮೊದಲಕ್ಷರ ಇದೆ, ಬೆಂಗಳೂರಿನದೂ ಇದೆ. ಎಲ್ಲರೂ ಆ ಶೋಧವನ್ನು ಹೊಗಳಿದರು. ನನಗೆ ಹೆಚ್ಚು ಇಷ್ಟವಾದದ್ದು ಮೊದಲ ದಿನ ಟ್ಯೂಬು ಕೈಯಲ್ಲಿ ಹಿಡಿದು "ತಾಳೆಯಾಗ್ತಿಲ್ಲ" ಎಂದು ನಿಂತವರ ನಿಲುವು.

ಹಾಗೆ ನಿಂತ ಇನ್ನೊಬ್ಬರನ್ನು ನಾನು ಬಲ್ಲೆ. ಇದು ಬಹಳ ಹಿಂದಿನದು, ಆಸ್ಪತ್ರೆಯ ಹೆಸರು ಬೇಡ, ಊರೂ ಬೇಡ. ಹೆಂಗಸರ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದಲ್ಲಿ ಇಬ್ಬರು ಹಾಲಮ್ಮಂದಿರು. ಒಬ್ಬರಿಗೆ ರಕ್ತಸ್ರಾವ. ಸಂಜೆ ಹೊಸ ಇಂಟರ್ನ್ ಒಬ್ಬ ಮೊದಲೇ ಹೆಸರು ಅಂಟಿಸಿದ ಟ್ಯೂಬುಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದು, "ಹಾಲಮ್ಮ ಅಲ್ವಾ?" ಎಂದು ಕೇಳಿ, ಹೂಂ ಅನಿಸಿಕೊಂಡು, ಆ ಮಂಚದ ರಕ್ತ ಈ ಟ್ಯೂಬಿಗೆ, ಈ ಮಂಚದ್ದು ಆ ಟ್ಯೂಬಿಗೆ ತುಂಬಿದ. ಹಿಮೋಗ್ಲೋಬಿನ್ ರಿಪೋರ್ಟುಗಳು ಅದಲುಬದಲಾದವು. ಅವಕ್ಕೆ ಸಹಿ ಹಾಕಿದ್ದು ನಾನು. ಆರಾಮಾಗಿದ್ದ ಹಾಲಮ್ಮನ ಹೆಸರಿಗೆ ಹಿಮೋಗ್ಲೋಬಿನ್ 6 ಎಂದು ಹೋಯಿತು, ಎರಡು ಬಾಟಲಿ ರಕ್ತಕ್ಕೆ ಚೀಟಿ ಬಂತು. ರಾತ್ರಿ ರಕ್ತನಿಧಿಯಲ್ಲಿದ್ದ ಟೆಕ್ನಿಷಿಯನ್ ಗುಂಪು ನೋಡಿದರು, ಎ ಬಂತು. ಅಷ್ಟಕ್ಕೆ ತಾಳೆ ನೋಡಿ ಕೊಟ್ಟು ಕಳಿಸಬಹುದಿತ್ತು, ಟ್ಯೂಬಿನಲ್ಲಿದ್ದ ರಕ್ತಕ್ಕೆ ಎ ಗುಂಪು ಚೆನ್ನಾಗಿಯೇ ಹೊಂದುತ್ತಿತ್ತು. ಅವರು ಹೋದ ತಿಂಗಳ ರಿಜಿಸ್ಟರು ತೆಗೆದರು. ಆ ಹಾಲಮ್ಮ ಆಗಲೂ ದಾಖಲಾಗಿದ್ದರು, ಗುಂಪು ಬಿ. ವಾರ್ಡಿಗೆ ತಾವೇ ನಡೆದು ಹೋಗಿ, ಮಲಗಿದ್ದವರನ್ನು ಎಬ್ಬಿಸಿ, "ನಿಮ್ಮ ಹೆಸರೇನ್ರಿ ಅಮ್ಮಾ, ಯಾವೂರು?" ಎಂದು ಕೇಳಿದರು. ಪಕ್ಕದ ಮಂಚದಿಂದಲೂ "ನಾನೂ ಹಾಲಮ್ಮನೇ" ಎಂದು ದನಿ ಬಂತು. ಹೊಸದಾಗಿ ರಕ್ತ ತೆಗೆದು, ಎಲ್ಲ ಮೊದಲಿಂದ ಮಾಡಿ, ರಕ್ತ ನಿಜವಾಗಿ ಬೇಕಾಗಿದ್ದ ಹಾಲಮ್ಮನಿಗೆ ಅದು ಸಿಗುವಾಗ ಎರಡು ಗಂಟೆ ತಡವಾಗಿತ್ತು.

ಮರುದಿನ ವಾರ್ಡಿನಿಂದ ದೂರು ಬಂತು, ರಕ್ತ ತಡವಾಯಿತು ಎಂದು. ತಡವಾದದ್ದಕ್ಕೆ ಕಾರಣ ಕೇಳಿ ಆ ಟೆಕ್ನಿಷಿಯನ್‌ಗೆ ಮೆಮೊ ಹೋಯಿತು. ಇಂಟರ್ನ್‌ನನ್ನು ಯಾರೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಅದಾದ ಮೇಲೆ ಬಹಳ ಕಾಲ ನಮ್ಮ ಲ್ಯಾಬಿನ ತಪ್ಪುಗಳ ರಿಜಿಸ್ಟರಿನಲ್ಲಿ ಒಂದು ಸಾಲೂ ಬೀಳಲಿಲ್ಲ. ತಪಾಸಣೆಗೆ ಬಂದವರು ಆ ಖಾಲಿ ಹಾಳೆಗಳನ್ನು ನೋಡಿ ಮೆಚ್ಚಿಕೊಂಡು ಹೋದರು.

ಈ ಉಪನ್ಯಾಸಕ್ಕೆ ಒಪ್ಪಿಕೊಂಡ ಮೇಲೆ ಆ ಟೆಕ್ನಿಷಿಯನ್ ಅವರನ್ನು ನೋಡಲು ಹೋಗಿದ್ದೆ. ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ಚಹಾ ಕೊಟ್ಟು, ಒಳಗಿನಿಂದ ಒಂದು ಪ್ಲಾಸ್ಟಿಕ್ ಫೈಲು ತಂದರು. ಅದರಲ್ಲಿ ಆ ಮೆಮೊಗೆ ಅವರು ಬರೆದ ಉತ್ತರದ ಕಾರ್ಬನ್ ಪ್ರತಿ ಇತ್ತು. ಮೂರೇ ವಾಕ್ಯ. "ಹೋದ ತಿಂಗಳ ರಿಜಿಸ್ಟರಿನಲ್ಲಿ ರೋಗಿಯ ಗುಂಪು ಬಿ. ಈ ದಿನದ ಸ್ಯಾಂಪಲ್ ಎ. ತಡವಾದುದು ನಿಜ." ಮೂಲ ಪ್ರತಿಯ ಕೆಳಗೆ ಹಸಿರು ಶಾಯಿಯಲ್ಲಿ, "ಓದಿದೆ, ಮುಂದೆ ತಡವಾಗದಂತೆ ನೋಡಿಕೊಳ್ಳುವುದು" ಎಂದು ಬರೆದು ಸಹಿ ಮಾಡಿದವನು ನಾನು.